ಕಳಚಿಹೋದ ಷರತ್ತು: ಬ್ರಿಟನ್ನಿನ ‘ಖಜಾನೆ ನಿಲುವು’, 1925–1932

1929ರ ಏಪ್ರಿಲ್ 15ರ ಮುಂಗಡಪತ್ರ ಭಾಷಣದಲ್ಲಿ ಹಣಕಾಸು ಸಚಿವ ವಿನ್‌ಸ್ಟನ್ ಚರ್ಚಿಲ್, ಸರ್ಕಾರ ಸಾಲ ತಂದು ಕಾಮಗಾರಿ ನಡೆಸಿದರೆ ಒಟ್ಟು ಉದ್ಯೋಗ ಹೆಚ್ಚುವುದು ಅತ್ಯಲ್ಪವೆಂದೂ ಅದೂ ಶಾಶ್ವತವಲ್ಲವೆಂದೂ ಸಾರಿ, ಇದೇ ಖಜಾನೆಯ ಸಂಪ್ರದಾಯನಿಷ್ಠ ಸಿದ್ಧಾಂತವೆಂದರು. ಮರುವರ್ಷ ಮೇ ತಿಂಗಳಲ್ಲಿ, ಹಣಕಾಸು ಮತ್ತು ಉದ್ಯಮದ ವಿಚಾರಣೆಗೆ ನೇಮಕಗೊಂಡಿದ್ದ ಮ್ಯಾಕ್‌ಮಿಲನ್ ಸಮಿತಿಯ ಮುಂದೆ ಸಾಕ್ಷಿ ನುಡಿದ ಖಜಾನೆಯ ಸರ್ ರಿಚರ್ಡ್ ಹಾಪ್‌ಕಿನ್ಸ್ ಅಷ್ಟು ಗಡುಸಾಗಿರಲಿಲ್ಲ. ಯೋಜನೆ ಲಾಭದಾಯಕವೇ, ಹಣ ಹೂಡುವವರ ವಿಶ್ವಾಸ ಉಳಿದೀತೇ ಎಂಬುದೇ ಅವರ ಮುಖ್ಯ ಶಂಕೆ. ಎದುರು ಕುಳಿತು ಪಾಟೀಸವಾಲು ಹಾಕಿದವರು ಸಮಿತಿಯ ಸದಸ್ಯರೇ ಆಗಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್.

ಈ ಬದಲಾವಣೆಯನ್ನು ಇತಿಹಾಸಕಾರ ಪೀಟರ್ ಕ್ಲಾರ್ಕ್ (1988) ಸಿದ್ಧಾಂತದಿಂದ ವ್ಯವಹಾರದ ನೆಲೆಗೆ ಸರಿದ ಹಿಮ್ಮೆಟ್ಟಿಕೆಯೆಂದು ಓದುತ್ತಾರೆ. ಆಡಳಿತದ ಅಳುಕು ಮೊದಲಿನಿಂದಲೂ ಇತ್ತೆಂಬುದು ಮತ್ತೊಬ್ಬ ಇತಿಹಾಸಕಾರ ಜಾರ್ಜ್ ಪೆಡೆನ್ ಅವರ ಒತ್ತು. ಹಿನ್ನೆಲೆ ಪರಿಚಿತವೇ: ಹತ್ತು ಲಕ್ಷ ದಾಟಿದ್ದ ನಿರುದ್ಯೋಗಿಗಳು, ಲಿಬರಲ್ ನಾಯಕ ಲಾಯ್ಡ್ ಜಾರ್ಜರ ಕಾಮಗಾರಿ ಯೋಜನೆ, ಅದರ ಬೆಂಬಲಕ್ಕೆ ಕೇನ್ಸ್ ಮತ್ತು ಹೆಂಡರ್ಸನ್ ಬರೆದ ಕಿರುಹೊತ್ತಗೆ, 1929ರ ಮೇ 30ರ ಚುನಾವಣೆಯಲ್ಲಿ ಲಿಬರಲ್ಲರಿಗೆ ದಕ್ಕಿದ 59 ಸ್ಥಾನ.

ಕ್ಲಾರ್ಕ್, ಪೆಡೆನ್ ಇಬ್ಬರೂ ಹೆಚ್ಚು ಹೊತ್ತು ನಿಲ್ಲದ ಒಂದು ಕಡೆ ನಾನು ನಿಲ್ಲಬಯಸುತ್ತೇನೆ. ಚರ್ಚಿಲ್ಲರ ವಾದದ ಬೀಜ ಖಜಾನೆಯ ಅರ್ಥಶಾಸ್ತ್ರಜ್ಞ ರಾಲ್ಫ್ ಹಾಟ್ರೀ 1925ರಲ್ಲಿ ಬರೆದ ಲೇಖನದಲ್ಲಿದೆ. ಆದರೆ ಹಾಟ್ರೀ ವಾದಕ್ಕೊಂದು ಷರತ್ತಿತ್ತು: ಬ್ಯಾಂಕುಗಳ ಸಾಲ ಹಿಗ್ಗದಿದ್ದರೆ ಮಾತ್ರ ಕಾಮಗಾರಿ ನಿಷ್ಫಲ, ಹಿಗ್ಗಿದರೆ ಉದ್ಯೋಗ ಹೆಚ್ಚುತ್ತದೆ, ಆಗ ಕಾಮಗಾರಿ ಬರಿಯ ನೆಪ. ಚುನಾವಣೆ ಹೊಸ್ತಿಲಲ್ಲಿದ್ದಾಗ ಸದನದಲ್ಲಿ ಆಡಿದ ಮಾತಿಗೆ ‘ಆದರೆ’ಗಳು ಅಂಟುವುದಿಲ್ಲ, ಷರತ್ತು ಕಳಚಿತು. ಸಾಲ ಹಿಗ್ಗದಂತೆ ಕಟ್ಟಿಹಾಕಿದ್ದ ಸುವರ್ಣ ಪ್ರಮಾಣವನ್ನು 1925ರಲ್ಲಿ ಮರಳಿ ತಂದವರೂ ಚರ್ಚಿಲ್ಲರೇ ಎಂಬುದನ್ನು ಇಲ್ಲಿ ಮರೆಯಬಾರದು. ಷರತ್ತನ್ನು ಉಸುರಿದರೆ ಬೆರಳು ಅವರತ್ತಲೇ ತಿರುಗುತ್ತಿತ್ತು.

ಹಾಗಾಗಿ ಹಾಪ್‌ಕಿನ್ಸರದು ಹಿಮ್ಮೆಟ್ಟಿಕೆಗಿಂತ ಹೆಚ್ಚಾಗಿ, ಕಳಚಿದ್ದ ಷರತ್ತು ಬೇರೊಂದು ವೇಷದಲ್ಲಿ ಮರಳಿದ್ದಿರಬಹುದು. ‘ಇರಬಹುದು’ ಎಂದೇ ಹೇಳುತ್ತಿದ್ದೇನೆ. ಅಧಿಕಾರಿಯ ಸಾಕ್ಷ್ಯ ಎಚ್ಚರದ ಮಾತು. ಅದರಿಂದ ಇಡೀ ಸಿದ್ಧಾಂತವನ್ನು ಹಿಂಡಿ ತೆಗೆಯುವುದು ಸಲ್ಲದು. ಕೇನ್ಸರ ಪ್ರಶ್ನೆಗಳ ಒತ್ತಡವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೂ ಹೂಡಿಕೆದಾರರ ವಿಶ್ವಾಸ ಕುಸಿದರೆ ಬಂಡವಾಳ ಹೊರಹರಿದೀತೆಂಬ ಭಯ, ಚಿನ್ನಕ್ಕೆ ಕಟ್ಟುಬಿದ್ದ ನಾಣ್ಯವಿರುವಲ್ಲಿ, ಬರಿಯ ಆಡಳಿತಾತ್ಮಕ ಭಯವಲ್ಲ.

ಈ ಓದಿಗೆ ದೊಡ್ಡ ತೊಡಕು ಮುಂದಿನ ಚರಿತ್ರೆಯಲ್ಲಿದೆ. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಕಟ್ಟು ಹರಿದುಕೊಂಡಿತು. 1932ರ ಜೂನ್ ಹೊತ್ತಿಗೆ ಬ್ಯಾಂಕ್ ದರ ಶೇಕಡಾ 2ಕ್ಕೆ ಇಳಿದಿತ್ತು. ಷರತ್ತೇ ಅಡ್ಡಿಯಾಗಿದ್ದರೆ ಆಗ ಕಾಮಗಾರಿಯ ಬಾಗಿಲು ತೆರೆಯಬೇಕಿತ್ತು. ನೆವಿಲ್ ಚೇಂಬರ್ಲೇನರ ಖಜಾನೆ ತೆರೆಯಲಿಲ್ಲ. ಸಾಲ ಅಗ್ಗವಾದ ಮೇಲೆ ಕಾಮಗಾರಿಯೇ ಅನಗತ್ಯವೆಂಬ ಹಾಟ್ರೀ ತರ್ಕ ಅಲ್ಲಿ ಕೆಲಸ ಮಾಡಿತೋ, ಪೆಡೆನ್ ಹೇಳುವ ಅಳುಕೋ, ಈ ಲೇಖನದ ಆಧಾರಗಳಿಂದ ತೀರ್ಮಾನವಾಗದು.