ಬಿಚ್ಚಿ ಜೋಡಿಸುವ ವಿದ್ಯೆ



ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳ ಕಡೆಗೆ, ಶಾಸನಗಳ ಕಡೆಗೆ ಹರಿಯುತ್ತದೆ. ಅಡಿಗೆಮನೆಯ ಗೂಡಿನಲ್ಲಿ ಬಿದ್ದಿರುತ್ತಿದ್ದ ಸ್ಟೌ ಪಿನ್ನಿಗೂ ಒಂದು ಚರಿತ್ರೆಯುಂಟೆಂದರೆ ನಗು ಬಂದೀತು. ಆದರೂ ನಾನು ಈ ಹೊತ್ತು ಹೇಳಹೊರಟಿರುವುದು ಅಂಥ ಸಣ್ಣ ಸಂಗತಿಯನ್ನೇ. ಮನೆಯ ಯಂತ್ರ ಕೆಟ್ಟಾಗ ಮನೆಯವರೇ ಅದನ್ನು ಬಿಚ್ಚಿ, ನೋಡಿ, ಸರಿಪಡಿಸುತ್ತಿದ್ದ ವಿದ್ಯೆ ಹೇಗೆ ಬಂತು, ಹೇಗೆ ಕೈಜಾರಿತು ಎಂಬುದೇ ಆ ಸಂಗತಿ.

ಸ್ಟೌವಿನಿಂದಲೇ ತೊಡಗೋಣ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ ಪ್ರೈಮಸ್ ಎಂಬ ಒಲೆಯನ್ನು ರೂಪಿಸಿದ. ಪಂಪು ಹೊಡೆದಾಗ ಸೀಮೆಎಣ್ಣೆ ಒತ್ತಡದಿಂದ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ನಿಪ್ಪಲಿನ ಸೂಕ್ಷ್ಮ ರಂಧ್ರದಿಂದ ಹೊಮ್ಮಿ ನೀಲಿಯ ಜ್ವಾಲೆಯಾಗಿ ಉರಿಯುತ್ತಿತ್ತು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಊದುಗೊಳವೆ ಹಿಡಿದಿದ್ದ ನಮ್ಮ ತಾಯಂದಿರಿಗೆ ಅದೊಂದು ಬಿಡುಗಡೆಯೇ ಸರಿ. ಆದರೆ ಆ ರಂಧ್ರದಲ್ಲಿ ಮಸಿ ಕಟ್ಟುತ್ತಿತ್ತು. ಪಂಪಿನ ತೊಗಲಿನ ವಾಷರು ಒಣಗಿ ಗಾಳಿ ಹಿಡಿಯದಾಗುತ್ತಿತ್ತು. ತಗಡಿನ ಹಿಡಿಗೆ ಕೂದಲೆಳೆಯಷ್ಟು ಸಣ್ಣ ತಂತಿ ಕೂರಿಸಿದ ಪಿನ್ನನ್ನು ರಂಧ್ರಕ್ಕೆ ತೂರಿಸುವುದು, ವಾಷರನ್ನು ಎಣ್ಣೆಯಲ್ಲಿ ನೆನೆಸಿ ಮೆತ್ತಗಾಗಿಸಿ ಮತ್ತೆ ಕೂರಿಸುವುದು: ಇವನ್ನೆಲ್ಲ ನನ್ನ ತಾಯಿ ಸಾರು ಕುದಿಯುವಷ್ಟೇ ಸಹಜವಾಗಿ ಮಾಡಿ ಮುಗಿಸುತ್ತಿದ್ದರು. ಅವರು ಇಂಗ್ಲಿಷ್ ಬಲ್ಲವರಲ್ಲ, ಭೌತಶಾಸ್ತ್ರ ಓದಿದವರಲ್ಲ. ಲಿಂಡ್‌ಕ್ವಿಸ್ಟನ ಹೆಸರನ್ನು ಚರಿತ್ರೆ ಬರೆದಿಟ್ಟಿತು; ಅವನ ಯಂತ್ರವನ್ನು ದಿನದಿನವೂ ಬದುಕಿಸಿದ ಕೈಗಳ ಹೆಸರನ್ನು ಬರೆಯಲಿಲ್ಲ. ಆ ಒಲೆ ಸಿಡಿದು ಸುಟ್ಟುಹೋದ ಹೆಣ್ಣುಮಕ್ಕಳೂ ಇದ್ದರು. ಆ ನೆಪದ ಮರೆಯಲ್ಲಿ ಅಡಗಿಸಿಟ್ಟ ಕ್ರೌರ್ಯಗಳೂ ಇದ್ದವು. ಒಲೆಯ ಚರಿತ್ರೆಯಿಂದ ಅದನ್ನು ಬಿಡಲಾಗದು.

ಬಳಿಕ ವಿದ್ಯುತ್ತು ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಶಕ್ತಿ 1905ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿಸಿತು. ದೀಪದೊಡನೆ ಮನೆಯ ಗೋಡೆಗೆ ಪಿಂಗಾಣಿಯ ಫ್ಯೂಜು ಬಂತು. ಹೊರೆ ಮಿತಿಮೀರಿದಾಗ ಎಳೆತಂತಿ ತಾನು ಕರಗಿ ಮನೆಯನ್ನು ಉಳಿಸುತ್ತದೆ. ಕತ್ತಲೆಯಲ್ಲಿ ಮೇಣದಬತ್ತಿ ಹಿಡಿದು, ಮೈನ್ ಸ್ವಿಚ್ಚು ಆರಿಸಿ, ಹೊಸ ಎಳೆ ಸುತ್ತುವುದು ಪ್ರತಿ ಮನೆಯ ಗೃಹಕೃತ್ಯವಾಯಿತು. ಅವಸರಗಾರರು ದಪ್ಪ ತಂತಿ ಸುತ್ತಿ ‘ಇನ್ನು ಹೋಗುವುದಿಲ್ಲ’ ಎಂದು ಬೀಗುತ್ತಿದ್ದರು. ಫ್ಯೂಜು ಹೋಗಲೆಂದೇ ಇರುವುದು ಎಂಬ ತತ್ತ್ವ ಅವರಿಗೆ ತಿಳಿದಿರಲಿಲ್ಲ. ದುರಸ್ತಿಯೆಂದರೆ ಹೇಗಾದರೂ ಓಡಿಸುವುದಲ್ಲ, ವಸ್ತುವಿನ ಧರ್ಮವನ್ನರಿಯುವುದು ಎಂಬ ಪಾಠ ಅಲ್ಲಿಯೇ ಇತ್ತು.

ಆದರೆ ಈ ವಿದ್ಯೆಗೆ ನಿಜವಾದ ಪಾಠಶಾಲೆಯಾದದ್ದು ರೇಡಿಯೋ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದವರು ಎಂಜಿನಿಯರಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು. ಕೇಂದ್ರವಿದ್ದುದು ಅವರ ಮನೆಯಲ್ಲಿ, ‘ವಿಠಲ ವಿಹಾರ’ದಲ್ಲಿ; ಪ್ರೇಷಕದ ಶಕ್ತಿ ಕೇವಲ 30 ವ್ಯಾಟು. ಪರಿಣತರಲ್ಲದವರೂ ಯಂತ್ರವನ್ನು ಮುಟ್ಟಬಹುದೆಂಬ ಧೈರ್ಯ ನಮ್ಮ ಆಕಾಶವಾಣಿಯ ಹುಟ್ಟಿನಲ್ಲಿಯೇ ಇದೆ.

ಅಂದಿನ ವಾಲ್ವ್ ರೇಡಿಯೋದ ರಚನೆಯೂ ಆ ಧೈರ್ಯಕ್ಕೆ ಅನುವಾಗಿತ್ತು. ಹಿಂಬದಿಯ ರಟ್ಟನ್ನು ನಾಲ್ಕು ತಿರುಪು ಸಡಿಲಿಸಿ ತೆಗೆಯಬಹುದಿತ್ತು. ವಾಲ್ವುಗಳನ್ನು ಬೆಸೆದಿರುತ್ತಿರಲಿಲ್ಲ, ಕುಳಿಗಳಲ್ಲಿ ನಿಲ್ಲಿಸಿರುತ್ತಿದ್ದರು. ಅವು ದೀಪದ ಬಲ್ಬಿನಂತೆ ಸವೆಯುವ ವಸ್ತುಗಳೆಂದು ಮಾಡಿದವನೇ ಒಪ್ಪಿಕೊಂಡಿದ್ದ. ಯಾವ ಕುಳಿಯಲ್ಲಿ ಯಾವ ವಾಲ್ವೆಂಬ ನಕ್ಷೆಯನ್ನು ಎಷ್ಟೋ ಪೆಟ್ಟಿಗೆಗಳ ಒಳಗೇ ಅಂಟಿಸಿರುತ್ತಿದ್ದರು.

1970ರ ಆಸುಪಾಸಿನಲ್ಲಿ ನಮ್ಮ ಮನೆಯ ರೇಡಿಯೋ ಒಂದು ಸಂಜೆ ಮೂಕವಾಯಿತು. ತಂದೆಯವರು ಹಿಂಬದಿ ತೆಗೆದು, ದೀಪ ಆರಿಸಿ ಕತ್ತಲೆಯಲ್ಲಿ ನೋಡಿದರು. ಎಲ್ಲ ವಾಲ್ವುಗಳೂ ಕೆಂಡದಂತೆ ಮಿನುಗುತ್ತಿರಲು ಒಂದು ಮಾತ್ರ ಕಪ್ಪಾಗಿತ್ತು. ಮರುದಿನ ಅದನ್ನು ಟವಲಿನಲ್ಲಿ ಸುತ್ತಿ ಅಂಗಡಿಗೆ ಒಯ್ದು, ಹೊಸದನ್ನು ತಂದು ಕೂರಿಸಿದರು. ಸಂಜೆಯ ವಾರ್ತೆ ಕೇಳಿಸಿತು. ನನಗೆ ಇಂದ್ರಜಾಲ ನೋಡಿದಂತಾಯಿತು.

ಕೆಲವು ತಿಂಗಳ ಮೇಲೆ, ಅವರಿಲ್ಲದ ಹೊತ್ತಿನಲ್ಲಿ, ಹನ್ನೆರಡರ ಹುಡುಗನಾದ ನಾನು ಅದೇ ಇಂದ್ರಜಾಲಕ್ಕೆ ಕೈಹಾಕಿದೆ. ಪ್ಲಗ್ಗು ಕಿತ್ತಿದ್ದೆ, ಇನ್ನೇನು ಭಯವೆಂದು ಪೆಟ್ಟಿಗೆಯ ತಳಕ್ಕೆ ಕೈ ತೂರಿಸಿದೆ. ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ತುಂಬಿಯೇ ಇರಬಹುದೆಂದು ನಾನೇನು ಬಲ್ಲೆ? ಹೊಡೆತಕ್ಕೆ ಹಿಂದಕ್ಕೆ ಬಿದ್ದೆ. ಕಿತ್ತುಬಂದ ಎರಡು ತಂತಿಗಳು ಎಲ್ಲಿದ್ದವೆಂಬುದೂ ಮರೆತುಹೋಯಿತು. ತಂದೆಯವರು ಬಂದರು, ನೋಡಿದರು, ಹೊಡೆಯಲಿಲ್ಲ. ‘ಬಿಚ್ಚೋದು ದೊಡ್ಡದಲ್ಲ ಕಣೋ, ಬಿಚ್ಚೋಕೆ ಮುಂಚೆ ಹೇಗಿತ್ತು ಅಂತ ಬರೆದಿಟ್ಟುಕೋಬೇಕು’ ಎಂದಷ್ಟೇ ಹೇಳಿ ಕಾಗದ, ಪೆನ್ಸಿಲು ಕೈಗಿತ್ತರು.

ಮುಂದೆ ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುವಾಗ ನನಗೆ ಆ ಮಾತೇ ನೆನಪಾಯಿತು. ಓಲೆಗರಿಯ ಪಾಠ ಕೆಟ್ಟಿದೆಯೆಂದು ತೋರಿದರೂ ಮೊದಲು ಇದ್ದಂತೆ ಬರೆದುಕೊಳ್ಳಬೇಕು, ಆಮೇಲೆ ತಿದ್ದುಪಡಿ. ತಿದ್ದಿದ್ದು ತಪ್ಪಾದರೆ ಮರಳುವ ದಾರಿ ಇರಬೇಕು. ತಾಳೆಯೋಲೆಯಾಗಲಿ, ತಂತಿಯಾಗಲಿ, ವಿನಯವಿಲ್ಲದ ಕೈಗೆ ಒಗ್ಗುವುದಿಲ್ಲ.

ಈ ವಿದ್ಯೆ ಕೈಜಾರಿದ್ದು ಒಂದೇ ದಿನದಲ್ಲಲ್ಲ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ರೇಡಿಯೋವನ್ನು ಅಂಗೈಗೆ ತಂದಿತು. ಅದು ಬಡವನ ಹೊಲಕ್ಕೂ ಹಾಡನ್ನು ಕೊಂಡೊಯ್ದ ಉಪಕಾರಿ, ಅದನ್ನು ಹಳಿಯಲಾರೆ. ಆದರೆ ಅದರ ಭಾಗಗಳು ಕುಳಿಯಲ್ಲಿ ನಿಲ್ಲದೆ ಹಲಗೆಗೆ ಬೆಸೆದುಕೊಂಡವು. ಕೆಟ್ಟದ್ದು ಯಾವುದೆಂದು ಕತ್ತಲೆಯಲ್ಲಿ ಮಿನುಗಿ ತೋರಿಸುವ ಗುಣ ಅದಕ್ಕಿರಲಿಲ್ಲ. ಇದು ತಂತ್ರಜ್ಞಾನದ ನಡಿಗೆ; ಇದರಲ್ಲಿ ಯಾರ ಕಪಟವೂ ಇಲ್ಲ.

ಕಪಟದ ಕಥೆ ಬೇರೆ ಇದೆ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿದರು. ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಿ, ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡ ವಿಧಿಸಿದರು! ಎರಡನೆಯ ಮಹಾಯುದ್ಧ ಆ ಕೂಟವನ್ನು ಮುರಿಯಿತು, ಆಲೋಚನೆ ಮುರಿಯಲಿಲ್ಲ. ಇಂದು ತಿರುಪಿನ ಬದಲು ಅಂಟು ಬಂದಿದೆ. ತಿರುಪಿದ್ದರೂ ಅದಕ್ಕೆ ಸಾಮಾನ್ಯ ತಿರುಪುಳಿ ಹತ್ತದು. ನಕ್ಷೆಯ ಜಾಗದಲ್ಲಿ ‘ಬಿಚ್ಚಿದರೆ ಭರವಸೆ ರದ್ದು’ ಎಂಬ ಚೀಟಿ.

ಇದಕ್ಕೆ ಪ್ರತಿಯಾಗಿ ಹೊಸದೊಂದು ಹಕ್ಕಿನ ಮಾತು ಎದ್ದಿದೆ: ದುರಸ್ತಿಯ ಹಕ್ಕು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕಾಗಿ ಸಮಿತಿ ನೇಮಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ದೇಶನವನ್ನೇ ಹೊರಡಿಸಿತು. ಕೊಂಡ ಮೇಲೂ ತೆರೆಯುವ ಅಧಿಕಾರವಿಲ್ಲದಿದ್ದರೆ ವಸ್ತು ನಮ್ಮದೆನ್ನುವುದು ಹೇಗೆ?

ಎಲ್ಲರೂ ಎಲ್ಲವನ್ನೂ ಬಿಚ್ಚಲೆಂದು ನಾನು ಹೇಳುತ್ತಿಲ್ಲ. ಆ ಹೊಡೆತದ ನೆನಪು ನನ್ನ ಬೆರಳಿನಲ್ಲಿ ಇನ್ನೂ ಇದೆ. ಆದರೆ ಮೊನ್ನೆ ನಮ್ಮ ಮಿಕ್ಸಿ ನಿಂತಾಗ, ಪ್ಲಗ್ಗು ಕಿತ್ತು, ಮೊಮ್ಮಗಳನ್ನು ಕೂರಿಸಿಕೊಂಡು, ಸವೆದ ಕಾರ್ಬನ್ ಬ್ರಷ್ಷುಗಳನ್ನು ತೋರಿಸಿದೆ. ಹೊಸವನ್ನು ತಂದು ಹಾಕಿದೆವು. ಅದು ಗುರ್ರೆಂದಾಗ ಅವಳ ಮುಖದಲ್ಲಿ ಕಂಡದ್ದು ನಾನು ಅಂದು ಕತ್ತಲೆಯಲ್ಲಿ ಕಂಡ ಇಂದ್ರಜಾಲವೇ. ಬಿಚ್ಚುವ ಮುನ್ನ ಅವಳ ಕೈಗೂ ಒಂದು ಕಾಗದ, ಪೆನ್ಸಿಲು ಕೊಟ್ಟಿದ್ದೆ.