ಗುಬ್ಬಿಯ ಗಂಟಲು, ಒಂಟಿಕೊಪ್ಪಲಿನ ಮನೆ

ಗುಬ್ಬಿ ಸೀಮೆಯಲ್ಲಿ ನಟನ ದನಿಗೆ ಬೆಲೆ ಕಟ್ಟುತ್ತಿದ್ದವರು ಕೊನೇ ಸಾಲಿನ ಜನ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದ ಮೊದಮೊದಲ ದಶಕಗಳಲ್ಲಿ ಮೈಕು ಇರಲಿಲ್ಲ. ಮಾತು ಟೆಂಟಿನ ಆಚೆ ತುದಿ ಮುಟ್ಟಬೇಕು, ಹಾಡು ಕಾಲು ಹಾರ್ಮೋನಿಯಮ್ಮಿನ ಏರು ಶ್ರುತಿಗೆ ನಿಲ್ಲಬೇಕು. ಮುಂದೆ ಸಂಘವನ್ನು ನಡೆಸಿದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದ ರಂಗಕ್ಕೆ ನಿಜವಾದ ಆನೆಗಳನ್ನೇ ತಂದವರು; ಅಂಥ ವೈಭವದ ನಡುವೆಯೂ ನಟನ ಮಾತು ಸೋಲುವಂತಿರಲಿಲ್ಲ.

ನನ್ನ ಗಂಟಲೂ ಆ ಕಡೆಯದೇ. ಕುಣಿಗಲ್, ಗುಬ್ಬಿಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕ ಕೇಳುತ್ತಾ ಬೆಳೆದವಳು ನಾನು. ಬೆಂಗಳೂರಿನ ರಾಜಭವನ ರಸ್ತೆಯ ಆಕಾಶವಾಣಿಯಲ್ಲಿ ಕ್ಯಾಶುವಲ್ ಅನೌನ್ಸರ್ ಆದಾಗ ಹಿರಿಯರೊಬ್ಬರು ಮೈಕನ್ನು ಒಂದು ಗೇಣು ಹಿಂದಿಟ್ಟು, ತುಸು ಓರೆ ಮಾಡಿದರು. “ನೇರ ಮಾತಾಡಬೇಡಮ್ಮ, ‘ಪ’ ‘ಭ’ ಬಂದಾಗ ಉಸಿರು ಬಡಿಯುತ್ತೆ” ಅಂದರು. ನಮ್ಮ ಕಡೆ ಮಾತಿನಲ್ಲಿ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಪ್ರಕಟಣೆ ಓದುವಾಗ ಹಾಗಾಗದಂತೆ ನೋಡಿಕೊಳ್ಳುವುದನ್ನೂ ಅವರೇ ಕಲಿಸಿದರು. ಸ್ಪೂಲ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲದವರು ಅವರು. ತಪ್ಪು ಓದಿದರೆ ಎಷ್ಟು ಕೈಕೆಲಸ ಹೆಚ್ಚುತ್ತದೆಂದು ಬಲ್ಲವರು.

ಈಗ ತುಮಕೂರಿನ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೊ. ಮನೆಯಲ್ಲಿ ಕೂತು ದನಿ ಕೊಡುವುದು ಇಂಟರ್‌ನೆಟ್ ಕಾಲದ ಸಂಗತಿ ಎನ್ನುವವರಿಗೆ ನಾನು ಮೈಸೂರಿನ ಒಂಟಿಕೊಪ್ಪಲಿನ ಕಥೆ ಹೇಳುತ್ತೇನೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಬಾನುಲಿ ಪ್ರಸಾರ ಶುರುಮಾಡಿದ್ದು ಅಲ್ಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ. ಇದ್ದದ್ದು ಒಂದು ಪುಟ್ಟ ಟ್ರಾನ್ಸ್‌ಮಿಟರ್. ಸರ್ಕಾರದ ಕೆಲಸವಲ್ಲ, ಒಬ್ಬ ಮೇಷ್ಟ್ರ ಹಂಬಲ ಅದು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಮನೆಯ ನಿಲಯದ್ದಾಗಿತ್ತು. ಇಡೀ ದೇಶದ ರೇಡಿಯೊ ಅದನ್ನು ಪಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. ಬೆಂಗಳೂರಿಗೆ ನಿಲಯ ಬಂದದ್ದೂ 1955ರಲ್ಲಿ. ಕನ್ನಡದ ಬಾನುಲಿ ಹುಟ್ಟಿದ್ದೇ ಹೀಗೆ, ಒಂದು ಮನೆಯೊಳಗೆ. ಇದನ್ನು ನಮ್ಮ ಮಕ್ಕಳು ಶಾಲೆಯಲ್ಲೇ ಓದಬೇಕು.

ನನ್ನ ಕೋಣೆಯ ಗೋಡೆಗೆ ಕುರಿ ಉಣ್ಣೆಯ ಕಂಬಳಿಗಳಿವೆ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದ್ದೇನೆ. ನಡುವಿನ ಗಾಳಿಯಿಂದ ಪ್ರತಿಧ್ವನಿ ಇನ್ನಷ್ಟು ತಗ್ಗುತ್ತದೆ. ಆದರೆ ಅರಸೀಕೆರೆ ಕಡೆಯ ರೈಲಿನ ಗುಡುಗನ್ನು ಕಂಬಳಿ ತಡೆಯದು. ಅಂಥ ತಗ್ಗು ಸದ್ದು ಗೋಡೆಯನ್ನೇ ನಡುಗಿಸಿಕೊಂಡು ಬರುತ್ತದೆ. ಅದಕ್ಕೇ ಮುಖ್ಯ ಕೆಲಸವೆಲ್ಲ ರಾತ್ರಿ, ಫ್ಯಾನ್ ಆರಿಸಿ, ಎರಡು ರೈಲುಗಳ ನಡುವೆ.

ಬಹಳ ಕಾಲ ಕನ್ನಡದಲ್ಲಿ ದನಿಯ ಕೆಲಸವೆಂದರೆ ಜಾಹೀರಾತು, ಸಾಕ್ಷ್ಯಚಿತ್ರ, ಪ್ರಕಟಣೆ, ಅಷ್ಟೇ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರೋಧಿಸಿ ಚಳವಳಿ ಹೂಡಿದರು. ಬೇರೆ ಭಾಷೆಯ ಚಿತ್ರಗಳ ಅಬ್ಬರದಲ್ಲಿ ಕನ್ನಡ ಚಿತ್ರರಂಗ ಕಣ್ಣುಬಿಡುತ್ತಿದ್ದ ದಿನಗಳವು. ಅವರ ಆತಂಕ ನ್ಯಾಯವಾದದ್ದೇ. ಆದರೂ ಡಬ್ಬಿಂಗಿಗೆ ಹಾಗೆ ಬಿದ್ದ ಬೇಲಿ ಅರ್ಧ ಶತಮಾನ ಉಳಿಯಬಾರದಿತ್ತು ಎಂದೇ ನನ್ನ ಅನಿಸಿಕೆ. 2015ರಲ್ಲಿ, ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗದ ಆದೇಶ ಬಂತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡುತ್ತಾ ಮನೆಮನೆಗೆ ಬಂದಮೇಲೆ ದನಿಗಳಿಗೆ ಬೇಡಿಕೆ ಕುದುರಿತು.

ಗುಬ್ಬಿ ಕಡೆಯ ಹುಡುಗರು ಈಗ ಕಲಿಯಲು ಬರುತ್ತಾರೆ. ಜಾತ್ರೆಯಲ್ಲಿ ದುರ್ಯೋಧನ, ಭೀಮ ಮಾಡಿದವರು. ಅವರ ಏರುದನಿಯನ್ನು ನಾನು ಮುರಿಯುವುದಿಲ್ಲ. ಮೊದಲು ಬಾಗಿಲ ಹತ್ತಿರ ನಿಲ್ಲಿಸಿ ತುಂಬುದನಿಯಲ್ಲಿ ಹೇಳಿಸುತ್ತೇನೆ. ಆಮೇಲೆ ಅದೇ ಮಾತು, ಅದೇ ಉಸಿರು, ಮೈಕಿನಿಂದ ಒಂದು ಗೇಣು ದೂರದಲ್ಲಿ.