ನಾಲ್ಕನೆಯ ಹೆಸರು

ಒಂದು ಹುದ್ದೆಗೆ ತಕ್ಕವನನ್ನು ಆರಿಸುವಾಗ ನಾವು ಅಳೆಯುವುದು ಏನನ್ನು? ಅಭ್ಯರ್ಥಿಯ ಯೋಗ್ಯತೆಯನ್ನೋ, ಅಥವಾ ಆತನಿಗೂ ಆ ಹುದ್ದೆಗೂ ಇರುವ ಹೊಂದಿಕೆಯನ್ನೋ? ಮೇಲ್ನೋಟಕ್ಕೆ ಎರಡೂ ಒಂದೇ ಎಂದು ತೋರುತ್ತದೆ. ಆದರೆ ಒಂದೇ ಅಲ್ಲ. ಈ ವ್ಯತ್ಯಾಸ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಕ್ರೀಡೆಯ ಇತಿಹಾಸದ ಒಂದು ಪ್ರಸಂಗದಲ್ಲಿ. ಅಮೆರಿಕದ ಬಾಸ್ಟನ್ ನಗರದ ಸೆಲ್ಟಿಕ್ಸ್ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವು 1966ರಲ್ಲಿ ತನಗೊಬ್ಬ ಮುಖ್ಯ ತರಬೇತುದಾರನನ್ನು ಆರಿಸಿಕೊಂಡ ಪ್ರಸಂಗ ಅದು.

ತರಬೇತುದಾರನೆಂದರೆ ಕೇವಲ ಆಟದ ಪಟ್ಟುಗಳನ್ನು ಕಲಿಸುವ ಮೇಷ್ಟರಲ್ಲ. ಅಂಗಣಕ್ಕೆ ಇಳಿಯುವ ಐವರು ಯಾರು, ಯಾರನ್ನು ಯಾವಾಗ ಹೊರಗೆ ಕರೆಯಬೇಕು, ಪಂದ್ಯದ ಬಿಸಿಯಲ್ಲಿ ಯಾವ ಕ್ಷಣದಲ್ಲಿ ವಿರಾಮ ಬೇಡಬೇಕು, ಹತ್ತಾರು ಮಂದಿ ಪ್ರತಿಭಾವಂತರ ಅಹಂಕಾರಗಳನ್ನು ಹೇಗೆ ಒಂದೇ ನೊಗಕ್ಕೆ ಹೂಡಬೇಕು ಎಂಬುದೆಲ್ಲ ಆತನ ಹೊಣೆ. 1950ರಿಂದ ಈ ಹೊಣೆಯನ್ನು ಹೊತ್ತಿದ್ದವರು ರೆಡ್ ಆವರ್‌ಬ್ಯಾಕ್. ಅವರ ಕಾಲದಲ್ಲಿ ತಂಡವು 1957ರಲ್ಲಿ ಒಮ್ಮೆ, 1959ರಿಂದ 1966ರವರೆಗೆ ಎಂಟು ವರ್ಷ ಎಡೆಬಿಡದೆ, ಹೀಗೆ ಒಟ್ಟು ಒಂಬತ್ತು ಸಲ ರಾಷ್ಟ್ರೀಯ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಅಂಥವರು, ಇದೇ ತಮ್ಮ ಕೊನೆಯ ಋತು ಎಂದು ಮೊದಲೇ ಸಾರಿದ್ದರು. ವ್ಯವಸ್ಥಾಪಕರಾಗಿ ಉಳಿಯಲಿದ್ದ ಅವರೇ ತಮ್ಮ ಉತ್ತರಾಧಿಕಾರಿಯನ್ನೂ ಹುಡುಕಬೇಕಾಗಿತ್ತು.

ಅವರು ಮೊದಲು ಕೇಳಿದ್ದು ಫ್ರಾಂಕ್ ರಾಮ್ಸಿ ಅವರನ್ನು. ತಮ್ಮಲ್ಲೇ ಆಡಿದ್ದ ಬುದ್ಧಿವಂತ ಆಟಗಾರ. ಆದರೆ ಅವರು ಕೆಂಟಕಿಯಲ್ಲಿ ತಮ್ಮ ವ್ಯವಹಾರಗಳಲ್ಲಿ ಮುಳುಗಿದ್ದರು, ಒಪ್ಪಲಿಲ್ಲ. ಎರಡನೆಯವರು ಬಾಬ್ ಕೂಜಿ. ಆಗಲೇ ಬಾಸ್ಟನ್ ಕಾಲೇಜಿನ ತಂಡಕ್ಕೆ ತರಬೇತುದಾರರಾಗಿದ್ದ ಅವರು, ನಿನ್ನೆಯ ಜೊತೆಗಾರರಿಗೆ ಇಂದು ಒಡೆಯನಾಗುವುದು ತಮಗೆ ಬೇಡವೆಂದರು. ಮೂರನೆಯವರು ಟಾಮ್ ಹೈನ್ಸನ್. ಬಿಲ್ ರಸೆಲ್‌ರನ್ನು ನಿಭಾಯಿಸುವುದು ತಮ್ಮಿಂದಾಗದು ಎಂದು ಒಪ್ಪಿಕೊಂಡ ಹೈನ್ಸನ್, ಆ ರಸೆಲ್‌ರನ್ನೇ ಏಕೆ ನೇಮಿಸಬಾರದು ಎಂದೂ ಸೂಚಿಸಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ನಮ್ಮ ಗಾದೆ ಇಲ್ಲಿ ನೆನಪಾಗದೆ ಇರದು.

ರಸೆಲ್ ಆಗ ತಂಡದ ಆಧಾರಸ್ತಂಭ. ಆರು ಅಡಿ ಹತ್ತು ಅಂಗುಲ ಎತ್ತರದ ಆತ, ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ ಕಲೆಯಿಂದ ಆಟದ ಸ್ವರೂಪವನ್ನೇ ಬದಲಿಸಿದವರು. ಸ್ವಾಭಿಮಾನಿ, ಮಿತಭಾಷಿ, ಸುಲಭವಾಗಿ ಒಲಿಯುವವರಲ್ಲ. ಹೊಸ ತರಬೇತುದಾರ ಯಾರೇ ಆಗಲಿ, ರಸೆಲ್‌ರಿಂದ ಪೂರ್ತಿ ಆಟವನ್ನು ಪಡೆಯಬಲ್ಲವನೇ ಎಂಬುದೇ ನಿಜವಾದ ಪರೀಕ್ಷೆಯಾಗಿತ್ತು. ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಬಲ್ಲವರು ಸ್ವತಃ ರಸೆಲ್ ಒಬ್ಬರೇ. ಆವರ್‌ಬ್ಯಾಕ್ ಅವರ ತರ್ಕ ಇಷ್ಟು ಸರಳವಾಗಿತ್ತು.

ಆದರೆ ಹೊರಗಿನ ಲೋಕದ ತರ್ಕ ಅಷ್ಟು ಸರಳವಾಗಿರಲಿಲ್ಲ. ಮೊದಲ ಮೂವರೂ ಬಿಳಿಯರು. ರಸೆಲ್ ಆಫ್ರಿಕನ್ ಅಮೆರಿಕನ್. ಆ ಲೀಗಿನಲ್ಲಿ ಅದುವರೆಗೆ ಅವರ ಜನಾಂಗದ ಯಾರೂ ಮುಖ್ಯ ತರಬೇತುದಾರರಾಗಿರಲಿಲ್ಲ. ಬಾಸ್ಟನ್ ತಂಡವು 1950ರಲ್ಲಿಯೇ ಚಕ್ ಕೂಪರ್ ಅವರನ್ನು ಆರಿಸಿಕೊಂಡು ಕಪ್ಪು ಆಟಗಾರರಿಗೆ ಲೀಗಿನ ಬಾಗಿಲನ್ನು ತೆರೆದಿತ್ತು. 1964ರ ಡಿಸೆಂಬರಿನಲ್ಲಿ ಐವರು ಕಪ್ಪು ಆಟಗಾರರಿಂದಲೇ ಪಂದ್ಯವನ್ನು ಆರಂಭಿಸಿತ್ತು. ಅದೇ ಕಾಲದಲ್ಲಿ ರಸೆಲ್‌ರ ಮನೆಗೆ ದುಷ್ಕರ್ಮಿಗಳು ನುಗ್ಗಿ ಗೋಡೆಗಳ ಮೇಲೆ ವರ್ಣದ್ವೇಷದ ಬೈಗುಳಗಳನ್ನು ಬರೆದಿದ್ದರು. ಅಂಗಣದಲ್ಲಿ ಚಪ್ಪಾಳೆ, ಮನೆಯ ಗೋಡೆಯ ಮೇಲೆ ಬೈಗುಳ. ಎರಡೂ ಒಂದೇ ಸೀಮೆಯ ಜನರವು.

1966ರ ಏಪ್ರಿಲ್ 18ರಂದು, ಅಂತಿಮ ಸರಣಿಯ ಮೊದಲ ಪಂದ್ಯವನ್ನು ಬಾಸ್ಟನ್ ಸೋತ ಮರುದಿನ, ರಸೆಲ್‌ರ ನೇಮಕ ಪ್ರಕಟವಾಯಿತು. ಅಲ್ಲಿ ಪತ್ರಕರ್ತರೊಬ್ಬರು, ಬಿಳಿಯ ಆಟಗಾರರ ವಿಷಯದಲ್ಲಿ ನೀವು ಪಕ್ಷಪಾತವಿಲ್ಲದೆ ನಡೆದುಕೊಳ್ಳಬಲ್ಲಿರಾ ಎಂಬ ಅರ್ಥದ ಪ್ರಶ್ನೆ ಹಾಕಿದರು. ಆಗುತ್ತದೆ, ಆಟದಲ್ಲಿ ಮನುಷ್ಯನಿಗೆ ಗೌರವ ಸಲ್ಲುವುದು ಅವನ ಸಾಮರ್ಥ್ಯಕ್ಕೆ ಎಂಬುದು ರಸೆಲ್‌ರ ಉತ್ತರದ ಸಾರ. ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಉತ್ತರವಲ್ಲ, ಪ್ರಶ್ನೆ. ಕಪ್ಪು ಆಟಗಾರರನ್ನು ಸಮದೃಷ್ಟಿಯಿಂದ ಕಾಣಬಲ್ಲಿರಾ ಎಂಬುದು ಬಿಳಿಯ ತರಬೇತುದಾರರ ಅರ್ಹತೆಯ ಪರೀಕ್ಷೆಯಲ್ಲಿ ಸೇರಿದ ಪ್ರಶ್ನೆಯಾಗಿರಲಿಲ್ಲ. ಅಳೆಯುವ ಕೋಲು ಒಬ್ಬೊಬ್ಬರಿಗೆ ಒಂದೊಂದು ಉದ್ದವಾದರೆ ಅಳತೆಗೆ ಅರ್ಥವೆಲ್ಲಿ?

ಫಲಿತಾಂಶವನ್ನು ನೋಡೋಣ. ರಸೆಲ್ ತಾವೇ ಆಡುತ್ತ ತಾವೇ ಆಡಿಸಬೇಕಾಗಿತ್ತು. ಮೊದಲ ಋತುವಿನಲ್ಲಿ ತಂಡ 60 ಪಂದ್ಯಗಳನ್ನು ಗೆದ್ದರೂ ಫಿಲಡೆಲ್ಫಿಯಾಕ್ಕೆ ಮಣಿಯಿತು. ಎಂಟು ವರ್ಷಗಳ ಸರಪಳಿ ಕಡಿಯಿತು. 1968ರಲ್ಲಿ ಅದೇ ಫಿಲಡೆಲ್ಫಿಯಾದ ಎದುರು ಒಂದಕ್ಕೆ ಮೂರರಿಂದ ಹಿಂದಿದ್ದು, ಉಳಿದ ಮೂರನ್ನೂ ಗೆದ್ದು, ಅನಂತರ ಪ್ರಶಸ್ತಿಯನ್ನೂ ಪಡೆಯಿತು. 1969ರಲ್ಲಿ ತನ್ನ ವಿಭಾಗದಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದಿದ್ದ ಮುದಿತಂಡ ಲಾಸ್ ಏಂಜಲೀಸ್‌ನ ಅಂಗಣದಲ್ಲಿ ಏಳನೆಯ ಪಂದ್ಯವನ್ನು 108-106ರಿಂದ ಗೆದ್ದಿತು. ಆತಿಥೇಯರು ವಿಜಯೋತ್ಸವಕ್ಕೆಂದು ಮಾಡಿನಲ್ಲಿ ತುಂಬಿಸಿಟ್ಟಿದ್ದ ಬಲೂನುಗಳು ಅಲ್ಲೇ ಉಳಿದವು. ರಸೆಲ್ ಎರಡೂ ಹೊಣೆಗಳನ್ನು ಅಲ್ಲಿಗೇ ಇಳಿಸಿದರು.

ಇತಿಹಾಸ ಇಲ್ಲಿ ನಮಗೊಂದು ಅಪೂರ್ವ ಅನುಕೂಲವನ್ನು ಒದಗಿಸಿದೆ. ಸಾಮಾನ್ಯವಾಗಿ ಆಯ್ಕೆಯಾಗದವರು ಏನು ಮಾಡುತ್ತಿದ್ದರು ಎಂಬುದು ಊಹೆಯಾಗಿಯೇ ಉಳಿಯುತ್ತದೆ. ಇಲ್ಲಿ ನಾಲ್ವರೂ ಮುಂದೆ ವೃತ್ತಿಪರ ತಂಡಗಳನ್ನು ನಡೆಸಿದರು. ರಾಮ್ಸಿ 1971ರಲ್ಲಿ ಪ್ರತಿಸ್ಪರ್ಧಿ ಲೀಗಿನ ಕೆಂಟಕಿ ತಂಡವನ್ನು ಅಂತಿಮ ಸರಣಿಯ ಏಳನೆಯ ಪಂದ್ಯದವರೆಗೆ ಒಯ್ದು ಸೋತರು. ಆಟಗಾರರಾಗಿ ಅಪ್ರತಿಮರಾದ ಕೂಜಿ 1969ರಲ್ಲಿ ಸಿನ್ಸಿನಾಟಿ ತಂಡವನ್ನು ವಹಿಸಿಕೊಂಡರು. ನಾಲ್ಕು ಋತು ಕಳೆದರೂ ಅದನ್ನು ನಾಕೌಟ್ ಹಂತಕ್ಕೆ ತಲುಪಿಸಲಾಗಲಿಲ್ಲ. ರಸೆಲ್‌ರನ್ನು ನಿಭಾಯಿಸಲಾರೆ ಎಂದಿದ್ದ ಹೈನ್ಸನ್, ರಸೆಲ್ ಹೋದ ಮೇಲೆ ಅದೇ ಬಾಸ್ಟನ್ನಿಗೆ ತರಬೇತುದಾರರಾಗಿ 1974 ಮತ್ತು 1976ರಲ್ಲಿ ಪ್ರಶಸ್ತಿ ತಂದರು. ರಸೆಲ್? 1973ರಿಂದ 1977ರವರೆಗೆ ಸಿಯಾಟಲ್ ತಂಡವನ್ನು ಮೊದಲ ಬಾರಿಗೆ ನಾಕೌಟ್ ಹಂತಕ್ಕೆ ಕೊಂಡೊಯ್ದರಾದರೂ ಪ್ರಶಸ್ತಿ ದಕ್ಕಲಿಲ್ಲ. 1987-88ರ ಋತುವಿನಲ್ಲಿ ಸ್ಯಾಕ್ರಮೆಂಟೊ ತಂಡದಲ್ಲಿ 58 ಪಂದ್ಯಗಳಲ್ಲಿ 17ನ್ನು ಮಾತ್ರ ಗೆದ್ದು ಹುದ್ದೆ ಬಿಡಬೇಕಾಯಿತು. ಹಾಗಾದರೆ ಒಳ್ಳೆಯ ತರಬೇತುದಾರ ಯಾರು? ಆ ಪ್ರಶ್ನೆಯೇ ಅಪೂರ್ಣ. ಯಾವ ತಂಡಕ್ಕೆ, ಯಾವ ವರ್ಷದಲ್ಲಿ ಎಂದು ಸೇರಿಸಿದಾಗಲೇ ಅದಕ್ಕೆ ಉತ್ತರವಿದೆ. 1966ರ ಬಾಸ್ಟನ್ನಿಗೆ ಉತ್ತರ ರಸೆಲ್. ತಮ್ಮ ಮಿತಿಯನ್ನು ತಾವೇ ಅರಿತ ಹೈನ್ಸನ್ ಆ ಉತ್ತರವನ್ನು ಎಲ್ಲರಿಗಿಂತ ಮೊದಲು ಕಂಡರು.

ಕೊನೆಯಲ್ಲಿ, ಯಾವ ಪಟ್ಟಿಯಲ್ಲೂ ಬಾರದ ಒಂದು ಹೆಸರನ್ನು ಹೇಳಬೇಕು: ಜಾನ್ ಮೆಕ್ಲೆಂಡನ್. ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ, ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ರೂಪಿಸಿದ ಜೇಮ್ಸ್ ನೇಸ್ಮಿತ್‌ರಿಂದಲೇ ಅದರ ವಿದ್ಯೆಯನ್ನು ಕಲಿತವರು. ಕಪ್ಪು ವಿದ್ಯಾರ್ಥಿಯೆಂಬ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡುವ ಅವಕಾಶ ಮಾತ್ರ ಇರಲಿಲ್ಲ. ಟೆನೆಸಿಯ ಕಾಲೇಜೊಂದಕ್ಕೆ 1957ರಿಂದ 1959ರವರೆಗೆ ಸತತ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆಲ್ಲಿಸಿಕೊಟ್ಟರು. 1961ರಲ್ಲಿ ಅಲ್ಪಾಯುಷಿಯಾದ ಇನ್ನೊಂದು ಲೀಗಿನಲ್ಲಿ ಕ್ಲೀವ್‌ಲೆಂಡ್ ತಂಡವನ್ನು ನಡೆಸಿದರು. ಆದರೂ ರಾಷ್ಟ್ರೀಯ ಲೀಗಿನ ಯಾವ ತಂಡವೂ ಅವರನ್ನು ಎಂದಿಗೂ ಮುಖ್ಯ ತರಬೇತುದಾರರನ್ನಾಗಿ ಮಾಡಿಕೊಳ್ಳಲಿಲ್ಲ. ರಸೆಲ್‌ರ ನೇಮಕದ ಬಳಿಕ ದಾರಿ ತೆರೆಯಿತು. 1975ರ ಅಂತಿಮ ಸರಣಿಯ ಎರಡೂ ತಂಡಗಳನ್ನು ನಡೆಸಿದವರು ಕಪ್ಪು ತರಬೇತುದಾರರು, ಆಲ್ ಆಟಲ್ಸ್ ಮತ್ತು ಕೆ. ಸಿ. ಜೋನ್ಸ್. ರಸೆಲ್ 2022ರಲ್ಲಿ ತೀರಿಕೊಂಡಾಗ ಲೋಕ ಅವರನ್ನು ಮೊದಲಿಗರೆಂದು ಸ್ಮರಿಸಿತು, ಅದು ನ್ಯಾಯವೇ. ಆದರೆ ಬಂದ ಹೆಸರುಗಳನ್ನು ಎಷ್ಟೇ ನಿಷ್ಠೆಯಿಂದ ತೂಗಿದರೂ, ಮೆಕ್ಲೆಂಡನ್‌ರಂಥವರ ಹೆಸರು ತಕ್ಕಡಿಯವರೆಗೂ ಬಾರದಂತೆ ತಡೆದದ್ದು ಯಾವುದು ಎಂದು ಕೇಳದಿದ್ದರೆ, ನಮ್ಮ ತೂಕದ ಕೆಲಸ ಅರ್ಧಕ್ಕೇ ನಿಂತಂತೆ.